ಎಣ್ಣೆಚರ್ಮದ ಗಂಡಸರು ಮುಖವನ್ನು ನೋಡಿಕೊಳ್ಳುವ ಬಗೆ

ಬೆಳಿಗ್ಗೆ ಎಂಟಕ್ಕೆ ಮುಖ ತೊಳೆದು ಹೊರಟವರ ಹಣೆ ಮತ್ತು ಮೂಗು ಹನ್ನೊಂದರ ಹೊತ್ತಿಗೆ ಜಿಡ್ಡುಗಟ್ಟಿ ಹೊಳೆಯತೊಡಗಿದರೆ, ಹೆಚ್ಚಿನ ಗಂಡಸರು ಮಾಡುವುದು ಒಂದೇ ಕೆಲಸ: ಕಚೇರಿಯ ಕೈತೊಳೆಯುವ ಸೋಪಿನಿಂದಲೇ ಮುಖವನ್ನು ಇನ್ನೊಮ್ಮೆ ಉಜ್ಜಿಕೊಳ್ಳುವುದು. ಊಟವಾದ ಮೇಲೆ ಮತ್ತೊಮ್ಮೆ, ಸಂಜೆ ಮನೆಗೆ ಬಂದು ಮಗದೊಮ್ಮೆ. ರಾತ್ರಿಯ ಹೊತ್ತಿಗೆ ಕೆನ್ನೆ ಬಿಗಿದು ಉರಿಯುತ್ತಿರುತ್ತದೆ, ಮೂಗು ಮಾತ್ರ ಹಾಗೆಯೇ ಹೊಳೆಯುತ್ತಿರುತ್ತದೆ. ಎಣ್ಣೆಚರ್ಮದ ಆರೈಕೆ ಈ ಉಜ್ಜಾಟವನ್ನು ಬಿಡುವುದರಿಂದಲೇ ಆರಂಭವಾಗಬೇಕು.

ಕಾರಣವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಚರ್ಮದ ಒಳಗೆ, ಪ್ರತಿ ರೋಮದ ಬುಡಕ್ಕೆ ಅಂಟಿಕೊಂಡಂತೆ, ಸಣ್ಣ ಎಣ್ಣೆಗ್ರಂಥಿಗಳಿವೆ. ಹಣೆ, ಮೂಗು, ಗಲ್ಲ, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಅವು ಹೆಚ್ಚು ದಟ್ಟವಾಗಿರುತ್ತವೆ. ಇವು ಸ್ರವಿಸುವ ಸೀಬಮ್ ಎಂಬ ಜಿಡ್ಡಿನ ಪ್ರಮಾಣವನ್ನು ನಿರ್ಧರಿಸುವುದು ಮುಖ್ಯವಾಗಿ ಆಂಡ್ರೋಜೆನ್ ಎಂಬ ಹಾರ್ಮೋನುಗಳು. ಗಡ್ಡ ಮೀಸೆ ಮೂಡುವ ವಯಸ್ಸಿನಲ್ಲೇ ಮುಖ ಜಿಡ್ಡಾಗುವುದು, ಅದೇ ವಯಸ್ಸಿನ ಹುಡುಗಿಯರಿಗಿಂತ ಹುಡುಗರಲ್ಲಿ ಜಿಡ್ಡು ಸಾಮಾನ್ಯವಾಗಿ ಹೆಚ್ಚಿರುವುದು, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇಳಿಯುವ ಈ ಸ್ರಾವ ಗಂಡಸರಲ್ಲಿ ಇಳಿವಯಸ್ಸಿನವರೆಗೂ ಹೆಚ್ಚು ಕಡಿಮೆಯಾಗದಿರುವುದು, ಎಲ್ಲವೂ ಇದರಿಂದಲೇ. ಬಿಸಿಲು ಕೂಡ ಇದಕ್ಕೆ ಕೂಡಿಕೊಳ್ಳುತ್ತದೆ: ಚರ್ಮದ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಜಿಡ್ಡು ಹೊರಬರುವ ವೇಗ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಏಪ್ರಿಲ್‌ನ ಮಂಗಳೂರಿನಲ್ಲಿಯೋ ರಾಯಚೂರಿನಲ್ಲಿಯೋ ಇರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗ್ರಂಥಿಯು ಹಾರ್ಮೋನಿನ ಮಾತನ್ನು ಕೇಳುತ್ತದೆಯೇ ಹೊರತು ಸೋಪಿನ ಮಾತನ್ನಲ್ಲ. ದಿನಕ್ಕೆ ಆರು ಸಲ ತೊಳೆದರೂ ಅದು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಹಾಳಾಗುವುದು ಮೇಲಿನ ಚರ್ಮದ ರಕ್ಷಣಾ ಪದರ ಮಾತ್ರ. ನಮ್ಮ ಕೈಯಲ್ಲಿರುವುದು ಹೆಚ್ಚಾದ ಜಿಡ್ಡನ್ನು ಮೃದುವಾಗಿ ತೆಗೆಯುವುದು, ರೋಮರಂಧ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಮತ್ತು ಹೊರಗಿನಿಂದ ಹೊಸ ಜಿಡ್ಡನ್ನು ಸೇರಿಸದಿರುವುದು, ಇಷ್ಟೇ.

ಮೊದಲು ಪರೀಕ್ಷೆ

ತಮ್ಮದು ಎಣ್ಣೆಚರ್ಮವೆಂದು ನಂಬಿರುವ ಎಲ್ಲರದೂ ಎಣ್ಣೆಚರ್ಮವಲ್ಲ. ರಜೆಯ ದಿನ ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಸುಮ್ಮನಿರಿ. ಬಳಿಕ ತೆಳುವಾದ ಟಿಶ್ಯೂ ಕಾಗದವನ್ನು ಹಣೆ, ಮೂಗು, ಗಲ್ಲ ಮತ್ತು ಎರಡು ಕೆನ್ನೆಗಳ ಮೇಲೆ ಬೇರೆಬೇರೆಯಾಗಿ ಒತ್ತಿ ಬೆಳಕಿಗೆ ಹಿಡಿದು ನೋಡಿ. ಎಲ್ಲ ಕಡೆಯೂ ಕಾಗದ ಪಾರದರ್ಶಕವಾದರೆ ಅದು ಎಣ್ಣೆಚರ್ಮ. ಹಣೆ ಮೂಗುಗಳಲ್ಲಿ ಮಾತ್ರ ಜಿಡ್ಡು ಕಂಡು ಕೆನ್ನೆ ಒಣಗಿದ್ದರೆ ಅದು ಮಿಶ್ರಚರ್ಮ. ಹೀಗಿದ್ದವರು ಮುಂದೆ ಹೇಳುವ ಔಷಧಿಗಳನ್ನು ಕೆನ್ನೆಗೆ ಹಚ್ಚುವ ಅಗತ್ಯ ಅಷ್ಟಾಗಿ ಇರುವುದಿಲ್ಲ.

ಮುಖ ತೊಳೆಯುವುದು

ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಜೊತೆಗೆ ಆಟವಾಡಿಯೋ ವ್ಯಾಯಾಮ ಮಾಡಿಯೋ ಬೆವರಿದಾಗ ಒಮ್ಮೆ: ಇದಕ್ಕಿಂತ ಹೆಚ್ಚು ಬೇಕಿಲ್ಲ. ಯಾವುದರಿಂದ ತೊಳೆಯಬೇಕು ಎಂಬುದು ಎಷ್ಟು ಸಲ ತೊಳೆಯಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿರುತ್ತದೆ, ಅದರ ಪಿಎಚ್ ಸುಮಾರು 5. ಸಾಮಾನ್ಯ ಸ್ನಾನದ ಸೋಪಿನ ಪಿಎಚ್ 9ರಿಂದ 10ರವರೆಗೆ ಇರುತ್ತದೆ. ನಮ್ಮಲ್ಲಿ ಸೋಪಿನ ಗುಣಮಟ್ಟವನ್ನು ಟಿಎಫ್‌ಎಂ ಅಂಕಿಯಿಂದ ಅಳೆಯುವ ರೂಢಿ ಬಂದಿದೆ. 76ಕ್ಕೆ ಮೇಲಿದ್ದರೆ ಮೊದಲ ದರ್ಜೆ ಎನ್ನುವುದು ನಿಜ. ಆದರೆ ಆ ಅಂಕಿ ಸೋಪಿನಲ್ಲಿರುವ ಕೊಬ್ಬಿನಂಶವನ್ನು ಹೇಳುತ್ತದೆಯೇ ವಿನಾ ಕ್ಷಾರೀಯತೆಯನ್ನಲ್ಲ. ಮೊದಲ ದರ್ಜೆಯ ಸೋಪೂ ಕ್ಷಾರೀಯವೇ, ಮೈಗೆ ಸರಿ, ಮುಖಕ್ಕೆ ಬೇಡ.

ಇದಕ್ಕೆ ಇನ್ನೊಂದು ಕಾರಣ ನಮ್ಮ ನೀರು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಸೋಪಿನೊಂದಿಗೆ ಸೇರಿ ಕರಗದ ಕಲ್ಮಷವಾಗುತ್ತದೆ. ಬಕೆಟ್ಟಿನ ಒಳಗೋಡೆಗೆ ಅಂಟುವ ಬಿಳಿ ಪದರ ಅದೇ, ಮತ್ತು ಅದು ಮುಖದ ಮೇಲೂ ಉಳಿಯುತ್ತದೆ. ಕೋಲಾರದಲ್ಲಿಯೋ ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟಿನಲ್ಲಿಯೋ ಟ್ಯಾಂಕರ್ ನೀರನ್ನು ನೆಚ್ಚಿರುವವರಿಗೆ, ಸೋಪಲ್ಲದ ಸಿಂಡೆಟ್ ಬಗೆಯ ಬಿಲ್ಲೆ ಅಥವಾ ಮೃದುವಾದ ಜೆಲ್ ಫೇಸ್ ವಾಶ್ ಒಳ್ಳೆಯದು. ಗಡಸು ನೀರಿನಲ್ಲಿ ಅದು ಕಲ್ಮಷ ಕಟ್ಟುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಮುಖ ನೆನೆಸಿ, ಬೆರಳ ತುದಿಯಿಂದ ಅರ್ಧ ನಿಮಿಷ ವೃತ್ತಾಕಾರವಾಗಿ ಸವರಿ, ತೊಳೆದು, ಟವೆಲಿನಿಂದ ಒತ್ತಿ ನೀರನ್ನು ತೆಗೆಯಿರಿ. ಕಾಳುಕಾಳಾದ ಸ್ಕ್ರಬ್ ಬೇಡ. ಮೊಡವೆ ಇರುವ ಮುಖಕ್ಕೆ ಅದು ಗಾಯವನ್ನು ಕೆದಕಿದಂತೆ.

ಮನೆಮದ್ದುಗಳ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಕಡಲೆಹಿಟ್ಟು ಜಿಡ್ಡನ್ನು ಹೀರುತ್ತದೆ, ಕಲಸಿ ಮೃದುವಾಗಿ ಹಚ್ಚಿ ಒಣಗುವ ಮೊದಲೇ ತೊಳೆದರೆ ದೋಷವಿಲ್ಲ. ಮುಲ್ತಾನಿ ಮಿಟ್ಟಿಯನ್ನು ವಾರಕ್ಕೊಮ್ಮೆ, ಅದೂ ಬಿರುಕು ಬಿಡುವಷ್ಟು ಒಣಗಿಸದೆ, ಬಳಸಬಹುದು. ನಿಂಬೆರಸವನ್ನು ಮಾತ್ರ ಮುಖಕ್ಕೆ ತರಲೇಬೇಡಿ: ಅದು ಚರ್ಮಕ್ಕೆ ತೀರ ಆಮ್ಲೀಯ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂಥ ಗುಳ್ಳೆಗಳೆದ್ದು ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬೀಳಬಹುದು. ಮೊಡವೆಗೆ ಟೂತ್‌ಪೇಸ್ಟ್ ಹಚ್ಚುವುದೂ ಅದೇ ಜಾತಿಯ ಸಾಹಸ.

ಕ್ಷೌರ

ಗಂಡಸರ ಚರ್ಮದ ಬಗ್ಗೆ ಬರೆಯುವವರು ಹಗುರವಾಗಿ ದಾಟಿಹೋಗುವ ವಿಷಯವಿದು. ನನ್ನ ಅಭಿಪ್ರಾಯದಲ್ಲಿ ಅರ್ಧದಷ್ಟು ತೊಂದರೆ ಹುಟ್ಟುವುದೇ ಇಲ್ಲಿ. ಕೆನ್ನೆಯ ಕೆಳಗೆ, ಕುತ್ತಿಗೆಯ ಮೇಲೆ ಏಳುವ ಕೆಂಪು ಗುಳ್ಳೆಗಳಲ್ಲಿ ಎಷ್ಟೋ ಮೊಡವೆಗಳೇ ಅಲ್ಲ, ಕತ್ತರಿಸಿದ ಕೂದಲು ಚರ್ಮದ ಒಳಕ್ಕೇ ಬಾಗಿ ಬೆಳೆದು ಉಂಟಾದ ಉರಿಯೂತ. ಗುಂಗುರು ಗಡ್ಡದವರಲ್ಲಿ ಇದು ಹೆಚ್ಚು. ಸ್ನಾನವಾದ ಮೇಲೆ, ಕೂದಲು ನೆನೆದು ಮೆತ್ತಗಾಗಿರುವಾಗ ಕ್ಷೌರ ಮಾಡಿಕೊಳ್ಳಿ. ಕೂದಲು ಬೆಳೆದ ದಿಕ್ಕಿನಲ್ಲೇ ಬ್ಲೇಡನ್ನು ಎಳೆಯಿರಿ. ಕುತ್ತಿಗೆಯಲ್ಲಿ ಈ ದಿಕ್ಕು ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಒಮ್ಮೆ ಬೆರಳಾಡಿಸಿ ನೋಡಿಕೊಳ್ಳುವುದು ಲೇಸು. ಚರ್ಮವನ್ನು ಎಳೆದು ಬಿಗಿಹಿಡಿದು, ಎದುರು ದಿಕ್ಕಿನಲ್ಲಿ ಎರಡನೆಯ ಸಲ ನುಣ್ಣಗೆ ಹೆರೆದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ ಒಳಗೇ ಸಿಕ್ಕಿಕೊಳ್ಳುತ್ತದೆ. ಐದಾರು ಕ್ಷೌರಕ್ಕೆ ಬ್ಲೇಡು ಬದಲಿಸಿ.

ಕ್ಷೌರದಂಗಡಿಗೆ ಹೋಗುವವರು ಬ್ಲೇಡು ಹೊಸದೇ ಎಂದು ಕೇಳುತ್ತಾರೆ, ಬ್ರಷ್ಷನ್ನೂ ಪಟಿಕದ ಕಲ್ಲನ್ನೂ ಮರೆತುಬಿಡುತ್ತಾರೆ. ಪಟಿಕ ರಕ್ತವನ್ನು ನಿಲ್ಲಿಸುವುದು ನಿಜ, ಆದರೆ ಹತ್ತು ಜನರ ಗಾಯಗಳ ಮೇಲೆ ಓಡಾಡಿದ ಕಲ್ಲನ್ನು ನಮ್ಮ ಗಾಯಕ್ಕೆ ಸವರಿಸಿಕೊಳ್ಳುವುದು ಜಾಣತನವಲ್ಲ. ಮನೆಯಿಂದ ಸ್ವಂತದ್ದೊಂದು ಒಯ್ದರೆ ಅಂಗಡಿಯವರೇನೂ ಬೇಸರಪಡುವುದಿಲ್ಲ. ಮದ್ಯಸಾರ ಹೆಚ್ಚಿರುವ ಆಫ್ಟರ್ ಶೇವ್ ಕೊಡುವ ಚುರುಗುಟ್ಟುವಿಕೆ ಶುಚಿಯ ಲಕ್ಷಣವಲ್ಲ, ಚರ್ಮ ಒಣಗುತ್ತಿರುವುದರ ಲಕ್ಷಣ.

ಗಡ್ಡ ಬಿಟ್ಟವರಿಗೆ ಬೇರೆ ಕಥೆ. ಗಡ್ಡದ ಬುಡದಲ್ಲಿ, ಹುಬ್ಬುಗಳಲ್ಲಿ, ಮೂಗಿನ ಎರಡು ಬದಿಯ ಮಡಿಕೆಗಳಲ್ಲಿ ಹಳದಿ ಹೊಟ್ಟಿನಂತೆ ಏಳುತ್ತಿದ್ದರೆ ಅದು ಬರಿಯ ಒಣಚರ್ಮವಲ್ಲ, ತಲೆಹೊಟ್ಟಿನದೇ ಬಂಧು. ಜಿಡ್ಡನ್ನೇ ಉಣ್ಣುವ ಮಲಸೇಜಿಯಾ ಎಂಬ ಶಿಲೀಂಧ್ರ ಇದರಲ್ಲಿ ಪಾಲುದಾರ. ಇದಕ್ಕೆ ಗಡ್ಡದೆಣ್ಣೆ ಹಚ್ಚಿದರೆ ಶಿಲೀಂಧ್ರಕ್ಕೆ ಊಟ ಬಡಿಸಿದಂತಾಗುತ್ತದೆ. ಕೀಟೊಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆ ಎರಡು ಸಲ ಗಡ್ಡಕ್ಕೆ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯುವುದರಿಂದ ಬಹುಪಾಲು ಜನರಿಗೆ ಹಿಡಿತ ಸಿಗುತ್ತದೆ.

ಹಚ್ಚಿಕೊಳ್ಳಬೇಕಾದದ್ದು, ಹಚ್ಚಿಕೊಳ್ಳಬಾರದ್ದು

ಎಣ್ಣೆಮುಖಕ್ಕೆ ಮಾಯಿಶ್ಚರೈಸರ್ ಏಕೆ ಎಂಬ ಪ್ರಶ್ನೆ ಸಹಜ. ಜಿಡ್ಡು ಬೇರೆ, ತೇವ ಬೇರೆ. ಜಿಡ್ಡು ಸಾಕಷ್ಟಿದ್ದೂ ನೀರಿನಂಶ ಕಡಿಮೆಯಾದ ಚರ್ಮ ಬಿಗಿಯುತ್ತದೆ, ಉರಿಯುತ್ತದೆ, ಔಷಧಿಯನ್ನು ತಾಳಿಕೊಳ್ಳುವುದಿಲ್ಲ. ಗ್ಲಿಸರಿನ್ ಅಥವಾ ಹೈಅಲ್ಯುರಾನಿಕ್ ಆಮ್ಲ ಇರುವ, ಜೆಲ್ ರೂಪದ ಹಗುರ ಮಾಯಿಶ್ಚರೈಸರನ್ನು ಕಡಲೆಕಾಳಿನಷ್ಟು ತೆಗೆದುಕೊಂಡರೆ ಸಾಕು. ಕರಾವಳಿಯಲ್ಲಿ ಮಳೆಗಾಲದಲ್ಲಿ ಇದನ್ನು ರಾತ್ರಿಗೆ ಮಾತ್ರ ಇಟ್ಟುಕೊಂಡರೂ ನಡೆಯುತ್ತದೆ.

ಹಚ್ಚಬಾರದ್ದು ಯಾವುದೆಂದರೆ ಕೊಬ್ಬರಿ ಎಣ್ಣೆ. ನಮ್ಮ ಅಜ್ಜಿಯರು ತಲೆಗೆ ಸುರಿದು ಉಳಿದದ್ದನ್ನು ಮುಖಕ್ಕೂ ಸವರುತ್ತಿದ್ದರು, ಒಣಚರ್ಮದವರಿಗೆ ಅದು ಹಿತವೂ ಆಗಿತ್ತು. ಎಣ್ಣೆಚರ್ಮದವರಲ್ಲಿ ಮಾತ್ರ ತಲೆಯಿಂದ ಹಣೆಗೆ ಇಳಿದ ಎಣ್ಣೆ ಕೂದಲಂಚಿನುದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳ ಸಾಲನ್ನು ಎಬ್ಬಿಸುತ್ತದೆ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಹೋದ್ಯೋಗಿಗಳು 1970ರಲ್ಲೇ ಕೂದಲಿಗೆ ಹಚ್ಚುವ ಜಿಡ್ಡುಲೇಪಗಳಿಂದ ಬರುವ ಇಂಥ ಮೊಡವೆಗಳನ್ನು ವಿವರಿಸಿದ್ದರು. ಎಣ್ಣೆ ಹಚ್ಚಲೇಬೇಕೆನ್ನುವವರು ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ತೊಳೆದುಬಿಡಲಿ. ರಾತ್ರಿ ಹಚ್ಚಿ ಮಲಗಿದರೆ ದಿಂಬಿನ ಮೂಲಕ ಅದು ಕೆನ್ನೆಗೂ ತಲುಪುತ್ತದೆ. ನರಕ ಚತುರ್ದಶಿಯ ಎಣ್ಣೆಸ್ನಾನವನ್ನು ಯಾರೂ ಬಿಡಬೇಕಿಲ್ಲ, ವರ್ಷಕ್ಕೊಂದು ದಿನದಿಂದ ಕೆಡುಕಾಗದು.

ಸನ್‌ಸ್ಕ್ರೀನ್ ಹೆಂಗಸರದು ಎಂಬ ಭಾವನೆ ನಮ್ಮ ಗಂಡಸರಲ್ಲಿ ಇನ್ನೂ ಇದೆ. ನಮ್ಮ ಗೋಧಿ ಮತ್ತು ಕಪ್ಪು ಬಣ್ಣದ ಚರ್ಮದಲ್ಲಿ ಮೊಡವೆ ಹೋದರೂ ಅದರ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಆ ಕಲೆಯನ್ನು ಇನ್ನಷ್ಟು ಗಾಢಗೊಳಿಸುತ್ತದೆ. ಬೇರೆ ಯಾವ ಕಾರಣವೂ ಬೇಡ, ಇದೊಂದೇ ಸಾಕು. ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಂಕಿ) 30 ಚರ್ಮ ಸುಡುವ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು, 50 ಸುಮಾರು ಶೇ 98ರಷ್ಟನ್ನು ತಡೆಯುತ್ತದೆ. ಹಾಗಾಗಿ ದುಬಾರಿ ಅಂಕಿಯ ಬೆನ್ನು ಹತ್ತುವ ಬದಲು ಸರಿಯಾದ ಪ್ರಮಾಣ ಹಚ್ಚುವುದು ಮುಖ್ಯ: ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು ಮುಖಕ್ಕೂ ಕುತ್ತಿಗೆಗೂ ಬೇಕು. ಜೆಲ್ ಅಥವಾ ನೀರಾದ ಬಗೆಯನ್ನು ಆರಿಸಿ. ಬಿಸಿಲಿನಲ್ಲೇ ಕೆಲಸ ಮಾಡುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಒಂದು ಸಲಕ್ಕೆ ಒಂದೇ ಔಷಧಿ

ಮೇಲಿನ ದಿನಚರಿ ಮೂರು ವಾರ ನಡೆದ ಮೇಲೆ, ಬೇಕೆನಿಸಿದರೆ ಮಾತ್ರ, ಔಷಧಿಯ ಅಂಶವೊಂದನ್ನು ಸೇರಿಸಿ. ಮೂಗಿನ ಮೇಲೆ ಕಪ್ಪು ಚುಕ್ಕೆಗಳು ಹೆಚ್ಚಿರುವವರಿಗೆ ಶೇ 2ರ ಸ್ಯಾಲಿಸಿಲಿಕ್ ಆಮ್ಲ ಸೂಕ್ತ, ಏಕೆಂದರೆ ಅದು ಜಿಡ್ಡಿನಲ್ಲಿ ಕರಗಿ ರಂಧ್ರದ ಒಳಗೆ ಇಳಿಯುತ್ತದೆ. ಆ ಚುಕ್ಕೆಗಳ ಕಪ್ಪು ಕೊಳೆಯಲ್ಲ, ರಂಧ್ರದ ಬಾಯಲ್ಲಿ ಗಾಳಿಗೆ ತೆರೆದುಕೊಂಡು ಬಣ್ಣ ಬದಲಿಸಿದ ಜಿಡ್ಡು ಮತ್ತು ವರ್ಣದ್ರವ್ಯ. ಉಜ್ಜಿದರೆ ಹೋಗದಿರುವುದು ಅದಕ್ಕೇ. ಕೆಂಪಗೆ ಕೀವುಗಟ್ಟುವ ಮೊಡವೆಗಳಿಗೆ ಬೆಂಜಾಯಿಲ್ ಪೆರಾಕ್ಸೈಡ್ ಆದೀತು. ಶೇ 10ರದ್ದು ಉರಿಸುವಷ್ಟು ಶೇ 2.5ರದ್ದು ಉರಿಸುವುದಿಲ್ಲ, ಮೊಡವೆಯ ಮೇಲಿನ ಪರಿಣಾಮದಲ್ಲಿ ಮಾತ್ರ ಹೆಚ್ಚು ವ್ಯತ್ಯಾಸವಿಲ್ಲ. ದಿಂಬಿನ ಚೀಲ ಮತ್ತು ಟವೆಲ್ ಬಿಳಿಯವಿರಲಿ, ಬಣ್ಣದ ಬಟ್ಟೆಯನ್ನು ಅದು ಬಿಳಿಚಿಸುತ್ತದೆ. ರಂಧ್ರ ಕಟ್ಟಿಕೊಳ್ಳದಂತೆ ತಡೆಯುವ ಅಡಾಪಲೀನ್ ಮುಂತಾದ ಮುಲಾಮುಗಳನ್ನು ವೈದ್ಯರ ಮಾತಿನ ಮೇಲೆ, ರಾತ್ರಿ ಮಾತ್ರ ಹಚ್ಚಬೇಕು. ಯಾವುದನ್ನೇ ಆರಿಸಿದರೂ ಎರಡು ದಿನಕ್ಕೊಮ್ಮೆ ಎಂದು ಶುರುಮಾಡಿ, ಎಂಟರಿಂದ ಹನ್ನೆರಡು ವಾರ ಕಾಯಿರಿ. ಹತ್ತು ದಿನಕ್ಕೆ ಫಲ ಕಾಣಲಿಲ್ಲವೆಂದು ಟ್ಯೂಬು ಬದಲಿಸುವವರ ಮನೆಯ ಕಪಾಟು ತುಂಬುತ್ತದೆ, ಮುಖ ಇದ್ದಂತೆಯೇ ಇರುತ್ತದೆ.

ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿನಲ್ಲಿ ಕೇಳಿ ತರುವ ಬಿಳುಪಿನ ಕ್ರೀಮುಗಳ ಬಗ್ಗೆ ಎಚ್ಚರವಿರಲಿ. ಇವುಗಳಲ್ಲಿ ಹಲವು ಸ್ಟೆರಾಯ್ಡ್ ಬೆರೆತವು. ಮೊದಲ ವಾರ ಮುಖ ತಿಳಿಯಾಗುತ್ತದೆ. ತಿಂಗಳುಗಳ ಬಳಿಕ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣತೊಡಗಿ, ನಿಲ್ಲಿಸಿದೊಡನೆ ಮೊಡವೆಗಳು ಒಟ್ಟಾಗಿ ಎದ್ದುಬರುತ್ತವೆ. ಚೀಟಿಯಿಲ್ಲದೆ ಇಂಥ ಮುಲಾಮುಗಳನ್ನು ಮಾರುವುದರ ಮೇಲಿನ ನಿಯಮವನ್ನು ಕೇಂದ್ರ ಸರ್ಕಾರ 2018ರಲ್ಲಿ ಬಿಗಿಗೊಳಿಸಿದ್ದರೂ ಮಾರಾಟ ನಿಂತಿಲ್ಲ.

ಹಗಲಿನ ಹೊತ್ತು

ಹಗಲಿನಲ್ಲಿ ಜಿಡ್ಡು ಕಂಡಾಗ ತೊಳೆಯುವ ಬದಲು ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ಮೂರು ದಿನ ಜೇಬಿನಲ್ಲಿದ್ದ ಕರ್ಚೀಫಿನಿಂದ ಒರೆಸಬೇಡಿ. ಹೆಲ್ಮೆಟ್ಟಿನ ಒಳಪದರ ಮತ್ತು ಗಲ್ಲದ ಪಟ್ಟಿ ಒತ್ತಿ ಉಜ್ಜುವ ಕಡೆ ಬರುವ ಗುಳ್ಳೆಗಳು ಬೈಕ್ ಸವಾರರಿಗೆ ಪರಿಚಿತ. ಕಳಚಲು ಬರುವ ಒಳಪದರವಾದರೆ ವಾರಕ್ಕೊಮ್ಮೆ ತೊಳೆದು ಒಣಗಿಸಿ, ಇಲ್ಲವಾದರೆ ತೆಳುವಾದ ಹತ್ತಿಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ಅದರ ಮೇಲೆ ಹೆಲ್ಮೆಟ್ ಧರಿಸಿ. ಊಟದ ವಿಷಯದಲ್ಲಿ, ತಿಂದ ಬೋಂಡಾದ ಎಣ್ಣೆ ನೇರವಾಗಿ ಮೂಗಿನ ಮೇಲೆ ಬರುವುದಿಲ್ಲ. ಸಕ್ಕರೆ ಮತ್ತು ಮೈದಾ ಹೆಚ್ಚಾದ ಆಹಾರಕ್ಕೂ ಮೊಡವೆಗೂ ಸಂಬಂಧವಿರುವುದಕ್ಕೆ ಆಧಾರಗಳಿವೆ. ಜಿಮ್ಮಿಗೆ ಹೋಗಲು ಶುರುಮಾಡಿದ ಮೇಲೆ ಮೊಡವೆ ಹೆಚ್ಚಿದ್ದರೆ, ವ್ಹೇ ಪ್ರೋಟೀನ್ ಪುಡಿಯನ್ನು ಒಂದೆರಡು ತಿಂಗಳು ನಿಲ್ಲಿಸಿ ನೋಡಬಹುದು.

ಗಂಟುಗಂಟಾದ ನೋಯುವ ಮೊಡವೆಗಳಿದ್ದರೆ, ಗುಳಿ ಬೀಳುತ್ತಿದ್ದರೆ, ಅಥವಾ ಹಣೆ ಮತ್ತು ಎದೆಯ ಮೇಲೆ ಒಂದೇ ಗಾತ್ರದ ತುರಿಸುವ ಗುಳ್ಳೆಗಳೆದ್ದಿದ್ದರೆ ಮನೆಯಲ್ಲಿ ಪ್ರಯೋಗ ಮುಂದುವರಿಸದೆ ಚರ್ಮವೈದ್ಯರನ್ನು ಕಾಣಿ. ಎಣ್ಣೆಗ್ರಂಥಿಯನ್ನೇ ಕುಗ್ಗಿಸುವ ಐಸೊಟ್ರೆಟಿನಾಯಿನ್ ಮಾತ್ರೆ ಅವರ ಬಳಿ ಇದೆ, ಆದರೆ ಅದಕ್ಕೆ ರಕ್ತಪರೀಕ್ಷೆಯ ನಿಗಾ ಬೇಕಾಗುವುದರಿಂದ ಗೆಳೆಯನ ಸ್ಟ್ರಿಪ್ಪಿನಿಂದ ಎರಡು ಮುರಿದುಕೊಂಡು ನುಂಗುವಂಥದ್ದಲ್ಲ. ವೈದ್ಯರಲ್ಲಿಗೆ ಹೋಗುವ ದಿನ ಮುಖಕ್ಕೆ ಏನನ್ನೂ ಹಚ್ಚಬೇಡಿ, ಮತ್ತು ಈವರೆಗೆ ಬಳಸಿದ ಎಲ್ಲ ಟ್ಯೂಬು, ಸೋಪು, ಎಣ್ಣೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.