ಉಬ್ಬರ ನೋಡಿ ಹೊರಡುವುದು

ವಸಂತ ಶುರುವಾಗುತ್ತಿದ್ದಂತೆ ಉತ್ತರಕ್ಕೆ ಮರಳಲು ಸಜ್ಜಾಗುವ ವಲಸೆ ಹಕ್ಕಿಗಳನ್ನು ನೋಡಲು ಕಡಲ ಕಡೆ ಹೊರಡುವ ನಾನು ಮೊದಲು ತೆರೆಯುವುದು ಉಬ್ಬರ ಇಳಿತದ ಪಟ್ಟಿಯನ್ನು. ನಸುಕಿನಲ್ಲೇ ಹೋಗಬೇಕೆಂಬುದು ಕಾಡಿನ ಲೆಕ್ಕ, ಅಳಿವೆಯ ಕೆಸರಿನಲ್ಲಿ ಅದು ನಡೆಯುವುದಿಲ್ಲ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದ ಅಂಚಿನಲ್ಲಿ ಬರೀ ಚುಕ್ಕೆಗಳು. ತುಂಬಿ ನಿಂತಾಗ ಎಲ್ಲೋ ಮರಳುದಿಬ್ಬದ ಮೇಲೆ ಒಂಟಿ ಕಾಲಿನ ನಿದ್ದೆ. ಉಬ್ಬರ ತುದಿ ಮುಟ್ಟುವ ಎರಡು ಮೂರು ಗಂಟೆ ಮೊದಲೇ ಹೋಗಿ, ಬಿಸಿಲು ಬೆನ್ನಿಗಿರುವಂತೆ ಕೂತರೆ ಸಾಕು. ಏರುವ ನೀರೇ ಅವನ್ನು ನಮ್ಮತ್ತ ತಳ್ಳಿಕೊಂಡು ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನೂ ಹತ್ತಿರಕ್ಕೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ನಿನ್ನೆಯ ಸಮಯ ಇವತ್ತಿಗೆ ಆಗದು.

ಈ ದಿನಗಳಲ್ಲಿ ಹೊಸ ಜಾತಿಗಳ ಬೆನ್ನು ಹತ್ತುವುದನ್ನು ನಾನು ಬಿಟ್ಟಿದ್ದೇನೆ. ಅದೇ ಕೆಸರು, ಅದೇ ಹಕ್ಕಿಗಳು. ಬದಲಾಗುವುದು ಅವುಗಳ ಮೈ. ಚಳಿಗಾಲವಿಡೀ ಬೂದು ಬಣ್ಣದಲ್ಲಿದ್ದ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಹಕ್ಕಿಯ ಎದೆಯಲ್ಲಿ ಇಟ್ಟಿಗೆಗೆಂಪಿನ ಮಚ್ಚೆಗಳೇಳುತ್ತವೆ. ಡನ್ಲಿನ್ ಎಂಬ ಇನ್ನೊಂದು ಹಕ್ಕಿಯ ಹೊಟ್ಟೆ ಕಪ್ಪಾಗುತ್ತದೆ. ಗುಂಪಿನ ನಡುವೆ ಬೂದಾಗಿಯೇ ಉಳಿದವು ಬಹುಪಾಲು ಹಿಂದಿನ ವರ್ಷದ ಮರಿಗಳು. ಅವುಗಳಲ್ಲಿ ಎಷ್ಟೋ ಉತ್ತರಕ್ಕೆ ಹೋಗದೆ ಬೇಸಿಗೆಯನ್ನು ಇಲ್ಲೇ ಕಳೆಯುತ್ತವೆ. ಹೊರಡುವವರು ಯಾರು, ಉಳಿಯುವವರು ಯಾರು ಎಂಬುದು ಬಣ್ಣದಲ್ಲೇ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಬಣ್ಣಕ್ಕಿಂತ ನನಗೆ ಹೆಚ್ಚು ರುಚಿಸುವುದು ಹೊಟ್ಟೆ. ಹಕ್ಕಿಯನ್ನು ಪಕ್ಕದಿಂದ ನೋಡಿ, ಕಾಲುಗಳ ಹಿಂದೆ, ಬಾಲದ ಬುಡದ ಕೆಳಗಿನ ಗೆರೆಯನ್ನು ಗಮನಿಸಬೇಕು. ಅದು ಒಳಸರಿದಿದ್ದರೆ ಹಕ್ಕಿ ಇನ್ನೂ ತೆಳ್ಳಗಿದೆ, ಜೋತುಬಿದ್ದಿದ್ದರೆ ಕೊಬ್ಬು ತುಂಬಿದೆ. ಉದ್ದ ಕೊಕ್ಕಿನ ಗಾಡ್‌ವಿಟ್ ಹಕ್ಕಿಗಳಂತೂ ದೀರ್ಘ ಹಾರಾಟಕ್ಕೆ ಮುನ್ನ ಕರುಳು, ಜಠರವನ್ನೇ ಕುಗ್ಗಿಸಿಕೊಂಡು ಕೊಬ್ಬಿಗೆ ಜಾಗ ಮಾಡಿಕೊಳ್ಳುತ್ತವೆ. 2022ರಲ್ಲಿ ಉಪಗ್ರಹ ಟ್ಯಾಗ್ ಹೊತ್ತ ಎಳೆಯ ಬಾರ್-ಟೇಲ್ಡ್ ಗಾಡ್‌ವಿಟ್ ಒಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ.ಗಳನ್ನು 11 ದಿನಗಳಲ್ಲಿ, ಎಲ್ಲೂ ಇಳಿಯದೆ ಕ್ರಮಿಸಿತು. ಅದು ದಕ್ಷಿಣದತ್ತ ಬಂದ ಪಯಣ. ವಸಂತದಲ್ಲಿ ಮರಳುವಾಗ ಆ ಬಳಗದ ಹಕ್ಕಿಗಳು ಚೀನಾ, ಕೊರಿಯಾ ನಡುವಿನ ಹಳದಿ ಸಮುದ್ರದ ತೀರಗಳಲ್ಲಿ ತಂಗಿ, ಮೇದು ಮುಂದೆ ಸಾಗುತ್ತವೆ.

ಇದು ತಿಳಿದಿರುವವರು ಫೋಟೊಗಾಗಿ ಗುಂಪಿನತ್ತ ನುಗ್ಗಲಾರರು. ಒಂದೊಂದು ಸಲ ಎಬ್ಬಿಸಿದಾಗಲೂ ಕೂಡಿಟ್ಟ ಕೊಬ್ಬು ಕರಗುತ್ತದೆ. ಮೇಯುವುದು ಬಿಟ್ಟು ಎಲ್ಲವೂ ಕತ್ತೆತ್ತಿದವೆಂದರೆ ನಾನು ಹಿಂದೆ ಸರಿಯುತ್ತೇನೆ.

ಹೊರಡುವುದನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಸಂಜೆ ಹೋಗಿ, ಅದೂ ಉತ್ತರದತ್ತ ಗಾಳಿ ಬೀಸುವ ದಿನ. ಬಣ್ಣ ಬಂದ ಹಕ್ಕಿಗಳು ಮೇಯುವುದನ್ನು ನಿಲ್ಲಿಸಿ, ಮಿಂದು, ಗರಿ ತೀಡಿಕೊಂಡು ಒಂದೇ ಸಮನೆ ಕೂಗತೊಡಗುತ್ತವೆ. ಗುಂಪು ಏಳುತ್ತದೆ, ಸುತ್ತುತ್ತದೆ, ಕೆಲವು ಮನಸ್ಸು ಬದಲಿಸಿ ಮತ್ತೆ ಇಳಿಯುತ್ತವೆ. ಉಳಿದವು ಸಾಲು ಹಿಡಿದು ಮೇಲೇರುತ್ತವೆ. ಎದುರುಗಾಳಿ, ಮಳೆ ಇದ್ದರೆ ಪಯಣ ತಡವಾಗುತ್ತದೆ. ಅಂಥ ದಿನ ದಕ್ಷಿಣದಿಂದ ಬಂದವೂ ಅಲ್ಲೇ ಸಿಕ್ಕಿಬಿದ್ದಿರುತ್ತವೆ, ಹಾಗಾಗಿ ಸಂಶೋಧಕರು ಗುರುತಿಗಾಗಿ ಕಾಲಿಗೆ ತೊಡಿಸಿದ ಬಣ್ಣದ ಪಟ್ಟಿಗಳನ್ನು ಓದಲು ನಾನು ಆರಿಸಿಕೊಳ್ಳುವುದು ಅಂಥ ದಿನಗಳನ್ನೇ.