ಮೊದಲು ಬ್ಯಾಕ್ಟೀರಿಯಾ ಸಾಕಿ, ಆಮೇಲೆ ಮೀನು

ತೊಟ್ಟಿ ತಂದ ದಿನವೇ ಮೀನನ್ನೂ ತರುತ್ತಾರೆ. ವಾರದೊಳಗೆ ಒಂದೊಂದೇ ಸತ್ತು ತೇಲುತ್ತವೆ. ‘ಮೀನು ಸಾಕೋದು ನಮಗೆ ಆಗಿಬರಲ್ಲ’ ಅಂತ ತೊಟ್ಟಿ ಅಟ್ಟ ಸೇರುತ್ತದೆ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಮೀನು ಬಿಡುವ ಅಮೋನಿಯಾ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಮಿತಿಯಲ್ಲಿದ್ದರೆ ಮೀನು ತಡೆದುಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಎರಡೂ ಬ್ಯಾಕ್ಟೀರಿಯಾ ಸಾಕಷ್ಟು ಇರುವುದಿಲ್ಲ. ಅವನ್ನು ಬೆಳೆಸುವುದಕ್ಕೆ ಸೈಕ್ಲಿಂಗ್ ಅನ್ನುತ್ತಾರೆ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ.

ಹಂತ 1: ನೀರು ತುಂಬಿ, ಕ್ಲೋರಿನ್ ತೆಗೆಯುವ ಔಷಧ ಹಾಕಿ, ಫಿಲ್ಟರ್ ಓಡಿಸಿ, ಹೀಟರನ್ನು 27 ಡಿಗ್ರಿಗೆ ಇಡಿ. ಫಿಲ್ಟರ್ ಹಗಲೂ ರಾತ್ರಿ ಓಡುತ್ತಿರಲಿ.

ಹಂತ 2: ಮೀನಿಲ್ಲದ ತೊಟ್ಟಿಗೆ ಅಮೋನಿಯಾ ನಾವೇ ಕೊಡಬೇಕು. 100 ಲೀಟರಿಗೆ ಸುಮಾರು 0.6 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಅಷ್ಟು ಸಾಕು. ಮೀನಿನ ಆಹಾರ ಕೊಳೆಸಿಯೂ ಮಾಡಬಹುದು, ಆದರೆ ವಾಸನೆ ಜಾಸ್ತಿ, ಅಳತೆ ಸಿಗುವುದಿಲ್ಲ. ನಾನಂತೂ ಮಾಡುವುದಿಲ್ಲ.

ಟೆಸ್ಟ್ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಹನಿ ಹಾಕಿ ಬಣ್ಣ ನೋಡುವ ಕಿಟ್ಟೇ ತನ್ನಿ. ಕಾಗದದ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಎಷ್ಟೋ ಪಟ್ಟಿಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ!

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಒಂದೆರಡು ವಾರ ಕಳೆದು ಒಂದು ದಿನ ಅಮೋನಿಯಾ ಸೊನ್ನೆ ತೋರಿಸುತ್ತದೆ. ನೀರೂ ತಿಳಿಯಾಗಿರುತ್ತದೆ. ‘ಆಯ್ತಲ್ಲ’ ಅಂತ ಮೀನು ತರಲು ಓಡಬೇಡಿ. ನೈಟ್ರೈಟ್ ಆಗಷ್ಟೇ ಏರುತ್ತಿರುತ್ತದೆ. ಅದು ಮೀನಿನ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದಿಲ್ಲ. ನೀರಲ್ಲಿದ್ದೂ ಮೀನು ಉಸಿರುಗಟ್ಟುತ್ತದೆ.

ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತದೆ. ಇಲ್ಲಿ ದಿನಾ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಸುರಿಯುತ್ತಾ ಹೋದರೆ ಏನಾಗುತ್ತದೆ ನೋಡಿ. 1 ಮಿಲಿಗ್ರಾಂ ಅಮೋನಿಯಾದಿಂದ ಸುಮಾರು 2.7 ಮಿಲಿಗ್ರಾಂ ನೈಟ್ರೈಟ್ ಹುಟ್ಟುತ್ತದೆ. ಅಂದರೆ ವಾರಕ್ಕೆ ಲೀಟರಿಗೆ 38 ಮಿಲಿಗ್ರಾಂ ಹತ್ತಿರ! ಕಿಟ್ಟಿನ ಬಣ್ಣದ ಪಟ್ಟಿ 5ಕ್ಕೇ ಮುಗಿದಿದ್ದರೆ, ಅದು 6 ಇದೆಯೋ 36 ಇದೆಯೋ ಗೊತ್ತಾಗುವುದೇ ಇಲ್ಲ. ಅದಕ್ಕೇ ಈ ಹಂತದಲ್ಲಿ ಮೂರು ದಿನಕ್ಕೊಮ್ಮೆ ಲೀಟರಿಗೆ 1 ಮಿಲಿಗ್ರಾಂ ಸಾಕು.

ಬಣ್ಣ ಪಟ್ಟಿಯ ಕೊನೆ ಮುಟ್ಟಿದರೆ, ತೊಟ್ಟಿಯ ನೀರು 1 ಪಾಲಿಗೆ ಶುದ್ಧ ನೀರು 9 ಪಾಲು ಬೆರೆಸಿ ಪರೀಕ್ಷಿಸಿ, ಬಂದದ್ದನ್ನು ಹತ್ತರಿಂದ ಗುಣಿಸಿ. ತೀರಾ ಜಾಸ್ತಿ ಇದ್ದರೆ ಅರ್ಧ ನೀರು ಬದಲಿಸಿ, ಹೊಸ ನೀರಿಗೂ ಕ್ಲೋರಿನ್ ಔಷಧ ಮರೆಯಬೇಡಿ. ಬ್ಯಾಕ್ಟೀರಿಯಾ ಹೋದೀತು ಅಂತ ಹೆದರಬೇಡಿ, ಅದು ನೀರಲ್ಲಿ ತೇಲುವುದಕ್ಕಿಂತ ಫಿಲ್ಟರಿನ ಸ್ಪಂಜು, ಜಲ್ಲಿಗೆ ಅಂಟಿಕೊಂಡಿರುವುದೇ ಹೆಚ್ಚು. ಹಾಗಂತ ಸ್ಪಂಜನ್ನು ನಲ್ಲಿಗೆ ಹಿಡಿದು ತೊಳೆಯಬೇಡಿ. ಮೂರನೇ ವಾರದಲ್ಲಿ ನಾನೊಮ್ಮೆ ಹಾಗೆ ಲಕಲಕ ತೊಳೆದು, ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ.

ವಾರಗಟ್ಟಲೆ ಏನೂ ಕದಲದಿದ್ದರೆ ಪಿಎಚ್ ನೋಡಿ, ಅಂದರೆ ನೀರಿನ ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ. ಈ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರನ್ನು ಹುಳಿಯಾಗಿಸುತ್ತವೆ, 6.5ಕ್ಕಿಂತ ಇಳಿದರೆ ತಾವೇ ಮಂಕಾಗುತ್ತವೆ. 100 ಲೀಟರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕರಗಿಸಿ ಹಾಕಿ.

ಬಾಟಲಿ ಬ್ಯಾಕ್ಟೀರಿಯಾ? ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ಬಿಸಿಲಲ್ಲಿಟ್ಟ, ಅವಧಿ ಮುಗಿದ ಬಾಟಲಿ ಸುಮ್ನೆ ದಂಡ. ‘ಇವತ್ತೇ ಮೀನು ಬಿಡಿ’ ಅನ್ನುವ ಲೇಬಲ್ ನಂಬಬೇಡಿ. ಅದಕ್ಕಿಂತ, ರೋಗವಿಲ್ಲದ ಹಳೆಯ ತೊಟ್ಟಿಯಿಂದ ಕೊಳೆ ಮೆತ್ತಿದ ಸ್ಪಂಜಿನ ತುಂಡು ಒದ್ದೆಯಾಗೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ವಾರಗಳ ಕೆಲಸ ದಿನಗಳಲ್ಲಿ ಮುಗಿದರೂ ಮುಗಿಯಬಹುದು.

ಹಂತ 4: ನೈಟ್ರೈಟೂ ಸೊನ್ನೆಗೆ ಇಳಿದ ಮೇಲೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಹಾಕಿ. 24 ಗಂಟೆಯಲ್ಲಿ ಎರಡೂ ಸೊನ್ನೆಯಾದರೆ ಪಾಸು. ಮರುದಿನ ಇನ್ನೊಮ್ಮೆ ನೋಡಿ. ಆಮೇಲೆ ಮುಕ್ಕಾಲು ಪಾಲು ನೀರು ಬದಲಿಸಿ ನೈಟ್ರೇಟ್ ಇಳಿಸಿ, ಅವತ್ತೇ ಅಥವಾ ಮರುದಿನ ಮೀನು ಬಿಡಿ. ತರುವುದು ತಡವಾದರೆ ಸ್ವಲ್ಪ ಸ್ವಲ್ಪ ಅಮೋನಿಯಾ ಹಾಕುತ್ತಿರಿ, ಬ್ಯಾಕ್ಟೀರಿಯಾಗೂ ಹೊಟ್ಟೆಗೆ ಬೇಕಲ್ವಾ?