ಕ್ರಿಸ್‌ಮಸ್ ರಜೆಯಿಂದ ಸಂಕ್ರಾಂತಿವರೆಗೆ: ಮಕ್ಕಳ ಕೈಯಲ್ಲಿ ಎಳ್ಳುಬೆಲ್ಲ

ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ನಮ್ಮ ಮನೆಯಲ್ಲಿ ನನ್ನ ಪಾಲು. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ, ವರ್ಷದ ಕೊನೆಗೆ ಅವಳಿಗೆ ರಜೆ ಸಿಗುವುದು ಕಷ್ಟ. ನನಗೋ, ಉಳಿದ ರಜೆಯನ್ನು ಡಿಸೆಂಬರ್ 31ರೊಳಗೆ ತೆಗೆದುಕೊಳ್ಳದಿದ್ದರೆ ಹೋಯಿತು ಅಂತಲೇ ಲೆಕ್ಕ. ಮಗ ನಾಲ್ಕನೇ ಕ್ಲಾಸು, ಮಗಳಿಗೆ ಮೂರು ವರ್ಷ. ಮಗನ ಸ್ಕೂಲಿನಲ್ಲಿ ದಸರಾ ರಜೆ ಕಡಿಮೆ, ಕ್ರಿಸ್‌ಮಸ್ ರಜೆ ಜಾಸ್ತಿ. ಮೈಸೂರು, ಕೊಡಗು ಅಂತ ಹೊರಟರೆ ಎಲ್ಲಿ ನೋಡಿದರೂ ಜನ. ಮನೆಯಲ್ಲೇ ಇದ್ದರೆ ಟೀವಿ, ಮೊಬೈಲು.

ಬಣ್ಣ ಹಚ್ಚುವ ಕಿಟ್ಟು, ಜೋಡಿಸುವ ಕಿಟ್ಟು ಎಲ್ಲ ತಂದು ನೋಡಿದೆ. ಅರ್ಧ ಗಂಟೆ ಆಡಿ ಮೂಲೆಗೆ ಎಸೆದರು. ಅವರನ್ನು ದಿನಗಟ್ಟಲೆ ಹಿಡಿದಿಟ್ಟಿದ್ದು ಎಳ್ಳುಬೆಲ್ಲದ ಕೆಲಸ. ಮಲ್ಲೇಶ್ವರ, ಗಾಂಧಿಬಜಾರ್‌ಗಳಲ್ಲಿ ಕೆಜಿ ಲೆಕ್ಕದಲ್ಲಿ ಸಿದ್ಧ ಎಳ್ಳುಬೆಲ್ಲ ಸಿಗುತ್ತದೆ, ನಿಜ. ನಾವೂ ಮೊದಲು ಅದನ್ನೇ ತರುತ್ತಿದ್ದೆವು. ಆದರೆ ಇಷ್ಟೊಂದು ಸಣ್ಣ ಸಣ್ಣ ಕೆಲಸಗಳಿರುವ ಹಬ್ಬದ ತಿಂಡಿ ಇನ್ನೊಂದಿಲ್ಲ. ಅದರಲ್ಲಿ ಅರ್ಧಕ್ಕರ್ಧ ಮಕ್ಕಳೇ ಮಾಡಬಹುದಾದ್ದು.

ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ಸ್ಕೂಲು ಅದಕ್ಕೆ ಮುಂಚೆಯೇ ಶುರುವಾಗಿರುತ್ತದೆ. ಹಾಗಾಗಿ ಡಬ್ಬದಲ್ಲಿ ಕೆಡದೆ ಉಳಿಯುವ ಕೊಬ್ಬರಿ, ಕಡಲೆಬೀಜ ರಜೆಯಲ್ಲೇ ಮುಗಿಸುತ್ತೇವೆ. ಬೆಲ್ಲ, ಸಕ್ಕರೆ ಅಚ್ಚು ಹಬ್ಬದ ಹಿಂದಿನ ಶನಿವಾರ, ಭಾನುವಾರಕ್ಕೆ. ನಮ್ಮ ಮನೆ ಅಳತೆ ಹೀಗೆ: ಕಡಲೆಬೀಜ, ಕೊಬ್ಬರಿ, ಬೆಲ್ಲ ಮೂರೂ ಅರ್ಧರ್ಧ ಕೆಜಿ, ಹುರಿಗಡಲೆ ಕಾಲು ಕೆಜಿ, ಬಿಳಿ ಎಳ್ಳು 100 ಗ್ರಾಂ.

ಮೊದಲು ಕೊಬ್ಬರಿ. ಗಿಟುಕಿನ ಹೊರಗಿನ ಕಂದು ಸಿಪ್ಪೆ ಹೆರೆಯುವುದು, ತೆಳ್ಳಗೆ ಹೆಚ್ಚುವುದು ನನ್ನ ಕೆಲಸ. ಹೆರೆದ ಸಿಪ್ಪೆ ಬಿಸಾಡಬೇಡಿ, ಚಟ್ನಿಪುಡಿಗೆ ಆಗುತ್ತದೆ. ಹೆಚ್ಚಿದ್ದನ್ನು ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಹರಡುವುದು ಮಕ್ಕಳದು. ಬೆಂಗಳೂರಿನಲ್ಲಿ ಆ ದಿನಗಳಲ್ಲಿ ಬೆಳಿಗ್ಗೆ ಮಂಜು, ಹತ್ತು ಗಂಟೆಯ ಮೇಲೇ ಬಿಸಿಲು. ಕಾಗೆ, ಅಳಿಲು ಕಾಯುತ್ತಲೇ ಇರುತ್ತವೆ. ಮಗನಿಗೆ ಒಂದು ಕೋಲು ಕೊಟ್ಟು ಕಾವಲಿಗೆ ಕೂರಿಸಿದೆ. ಅವನ ಪ್ರಕಾರ ರಜೆಯ ಅತಿ ಮುಖ್ಯ ಹುದ್ದೆ ಅದು. ಕಾವಲುಗಾರನೇ ಎಷ್ಟು ತಿಂದ ಅಂತ ನಾನು ಕೇಳಲು ಹೋಗಲಿಲ್ಲ.

ಆಮೇಲೆ ಕಡಲೆಬೀಜ. ಪರಿಷೆಯಲ್ಲಿ ತರುವ ಹಸಿ ಕಡಲೆಕಾಯಿ ಬೇಯಿಸಿ ತಿನ್ನಲು ಚೆನ್ನ, ಇದಕ್ಕೆ ಮಾತ್ರ ಅಂಗಡಿಯ ಒಣಬೀಜವೇ ಸರಿ. ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಲು ಬಿಡಬೇಕು. ಸಿಪ್ಪೆ ಬಿಡಿಸಲು ಒಂದು ಉಪಾಯ ಕಂಡುಕೊಂಡೆ: ಒಗೆದ ಹಳೆಯ ದಿಂಬಿನ ಕವರಿನೊಳಗೆ ಬೀಜ ಸುರಿದು ಬಾಯಿ ಕಟ್ಟಿ ಇಬ್ಬರ ಕೈಗೂ ಕೊಡುವುದು. ಉಜ್ಜುತ್ತಾರೆ, ಗುದ್ದುತ್ತಾರೆ, ಅದರ ಮೇಲೆ ಕೂತೂ ಬಿಡುತ್ತಾರೆ. ಸಿಪ್ಪೆ ಬಿಡುವುದಷ್ಟೇ ಅಲ್ಲ, ಬೀಜ ಎರಡು ಹೋಳೂ ಆಗಿರುತ್ತದೆ. ಎಳ್ಳುಬೆಲ್ಲಕ್ಕೆ ಬೇಕಾದ್ದೂ ಹೋಳೇ ತಾನೇ? ಕೇರುವುದನ್ನು ಮಾತ್ರ ತಾರಸಿಯ ಮೇಲೇ ಮಾಡಿ. ಮನೆಯೊಳಗೆ ಮಾಡಿದರೆ ಸಿಪ್ಪೆ ಸೋಫಾ ಸಂದಿಯಿಂದ ಯುಗಾದಿಯವರೆಗೂ ಹೊರಬರುತ್ತಿರುತ್ತದೆ. ಮೊರ ಹಿಡಿಯುವುದನ್ನು ಮಗ ಅಜ್ಜಿಯಿಂದ ಕಲಿತ. ನನಗೆ ಈಗಲೂ ಬರುವುದಿಲ್ಲ.

ಚಿಕ್ಕವಳ ವಿಷಯಕ್ಕೆ ಬರಬೇಕು. ಐದು ವರ್ಷದೊಳಗಿನ ಮಕ್ಕಳ ಬಾಯಿಗೆ ಇಡೀ ಕಡಲೆಬೀಜ, ಗಟ್ಟಿ ಬೆಲ್ಲದ ಚೂರು ಹೋಗಬಾರದು. ಗಂಟಲಿನಿಂದ ಜಾರಿ ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಹೋಳಾದ ಬೀಜ ಕೂಡ ಸುರಕ್ಷಿತ ಅಲ್ಲ. ಹಬ್ಬದ ದಿನ ಬಂದವರೆಲ್ಲ ಪ್ರೀತಿಯಿಂದ ಮಗುವಿನ ಬಾಯಿಗೆ ಒಂದು ಚಿಟಿಕೆ ಹಾಕಲು ನೋಡುತ್ತಾರೆ, ಅದಕ್ಕೇ ಹೆಚ್ಚು ಹುಷಾರಾಗಿರಬೇಕು. ಅವಳಿಗೆ ನಾವು ಚಿಗಳಿ ಮಾಡುತ್ತೇವೆ. ಹುರಿದ ಎಳ್ಳು, ಬೆಲ್ಲ ಎರಡನ್ನೂ ಕುಟ್ಟಿ ನುಣ್ಣಗೆ ಮಾಡಿ ಕಟ್ಟುವ ಮೆತ್ತನೆಯ ಉಂಡೆ. ಬೆಲ್ಲ ಹೆಚ್ಚುವಾಗ ಉದುರುವ ಪುಡಿಯೆಲ್ಲ ಇದಕ್ಕೇ. ‘ಇದು ನಂದು’ ಅಂತ ಅವಳು ಡಬ್ಬ ಅಪ್ಪಿಕೊಂಡು ತಿರುಗುತ್ತಾಳೆ, ಅಣ್ಣನ ತಟ್ಟೆಯ ಕಡೆ ನೋಡುವುದೂ ಇಲ್ಲ.

ಅವಳಿಗೆ ಹೇಳಿ ಮಾಡಿಸಿದ ಇನ್ನೊಂದು ಕೆಲಸ ಅವರೆಕಾಳು ಹಿಸುಕುವುದು. ಹೇಗಿದ್ದರೂ ಸೊಗಡವರೆ ಕಾಲ. ರಾತ್ರಿ ನೆನೆಸಿಟ್ಟ ಕಾಳನ್ನು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮುತ್ತದೆ. ಅರ್ಧ ಪಾತ್ರೆಗೆ, ಅರ್ಧ ಗೋಡೆಗೆ. ಪಕ್ಕದಲ್ಲೇ ಕೂತಿದ್ದರಾಯಿತು.

ಸಕ್ಕರೆ ಅಚ್ಚಿಗೆ ನನ್ನ ಅಮ್ಮ ಮೈಸೂರಿನಿಂದ ಬರಬೇಕು. ಮರದ ಅಚ್ಚುಗಳು ಅವರ ಹತ್ತಿರವೇ ಇರುವುದು: ಆನೆ, ಗಿಳಿ, ಬಾಳೆಗೊನೆ, ಬೃಂದಾವನ. ಒಲೆಯ ಹತ್ತಿರ ಮಕ್ಕಳು ಬರುವಂತಿಲ್ಲ. ಸಕ್ಕರೆ ಪಾಕ ಕೈಮೇಲೆ ಬಿದ್ದರೆ ಕುದಿಯುವ ನೀರಿಗಿಂತ ಕೆಟ್ಟದು, ಅಂಟಿಕೊಂಡೇ ಸುಡುತ್ತದೆ. ಅವರ ಕೆಲಸ ಅಚ್ಚು ನೀರಲ್ಲಿ ನೆನೆಸುವುದು, ಒರೆಸುವುದು, ಜೋಡಿ ಹೊಂದಿಸಿ ರಬ್ಬರ್ ಬ್ಯಾಂಡ್ ಹಾಕುವುದು. ಇದನ್ನು ಊಟದ ಮೇಜಿನ ಮೇಲೆ, ಒಲೆಯಿಂದ ದೂರ ಇಟ್ಟುಕೊಂಡೆವು.

ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ಮೇಲೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಪೂರ್ತಿ ಪಾಕವನ್ನು ಒಟ್ಟಿಗೆ ಕಾಯಿಸಬಾರದು. ಸಣ್ಣ ಪಾತ್ರೆಗೆ ಎರಡು ಸೌಟು ಹಾಕಿಕೊಂಡು ಕೈಯಾಡಿಸಬೇಕು. ‘ಲೋ, ಬೆಳ್ಳಗೆ ತಿರುಗೋವರೆಗೂ ಕೈ ನಿಲ್ಲಿಸಬೇಡ’ ಅಂತ ಅಮ್ಮ ಹಿಂದೆಯೇ ನಿಂತಿರುತ್ತಾರೆ. ಅಂಚು ಬೆಳ್ಳಗಾಗಿ ಪಾಕ ದಪ್ಪಗಾದ ತಕ್ಷಣ ಅಚ್ಚಿಗೆ ಹೊಯ್ಯಬೇಕು. ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಪರವಾಗಿಲ್ಲ, ಸ್ವಲ್ಪ ನೀರು ಹಾಕಿ ಮತ್ತೆ ಕಾಯಿಸಿದರೆ ಸರಿ. ಹತ್ತು ನಿಮಿಷ ಆರಿದ ಮೇಲೆ ಮಕ್ಕಳು ಅಚ್ಚು ಬಿಚ್ಚುತ್ತಾರೆ. ಸೊಂಡಿಲು ಮುರಿದ ಆನೆಗಳು ಮತ್ತೆ ಪಾತ್ರೆಗೆ ಹೋಗಬೇಕು, ಹೋಗುವುದು ಬಾಯಿಗೆ.

ಎಲ್ಲವನ್ನೂ ಕಲಸುವುದು ಹಬ್ಬದ ಹಿಂದಿನ ರಾತ್ರಿ. ಮುಂಚೆಯೇ ಕಲಸಿಟ್ಟರೆ ಬೆಲ್ಲದ ಪಸೆಗೆ ಹುರಿಗಡಲೆ ಮೆತ್ತಗಾಗುತ್ತದೆ. ಕೊನೆಗೆ ಬಣ್ಣದ ಜೀರಿಗೆ ಪೆಪ್ಪರ್‌ಮೆಂಟ್ ಉದುರಿಸುವ ಹಕ್ಕು ಮಗನದು.

ಎಳ್ಳು ಬೀರುವುದು ಹೆಣ್ಣುಮಕ್ಕಳ ಕೆಲಸ ಅಂತ ನಮ್ಮ ಕಡೆ ರೂಢಿ. ಸಿಪ್ಪೆ ಬಿಡಿಸಿ, ಕೇರಿ, ಕಾವಲು ಕಾದವನು ಮನೆಯಲ್ಲಿ ಕೂರಬೇಕು ಅಂದರೆ ನನಗೆ ಸರಿ ಕಾಣಲಿಲ್ಲ. ತಟ್ಟೆ ಹಿಡಿದು ಅವನೂ ಹೊರಟ. ಒಂದಿಬ್ಬರು ನಕ್ಕರು, ನಗಲಿ ಬಿಡಿ. ‘ಕೊಬ್ಬರಿ ನಾನೇ ಒಣಗಿಸಿದ್ದು ಆಂಟಿ’ ಅಂತ ಪ್ರತಿ ಮನೆಯಲ್ಲೂ ಹೇಳಿ ಬಂದ. ಹೆಂಡತಿ ಧಾರವಾಡದವಳು, ಅವಳ ತವರಿನಿಂದ ಕುಸುರೆಳ್ಳು ಬರುತ್ತದೆ. ಫೋನಿನಲ್ಲಿ ಅಲ್ಲಿನ ಅಜ್ಜಿ ‘ನಾವು ನೀವು ಎಳ್ಳು ಬೆಲ್ಲದಂಗ ಇರೋಣು’ ಅಂದರೆ ಮಕ್ಕಳು ಅದೇ ರಾಗದಲ್ಲಿ ವಾಪಸ್ ಹೇಳುತ್ತಾರೆ.

ಸಂಜೆ ಮಗಳಿಗೆ ಎಲಚಿ ಹಣ್ಣು ಎರೆಯುತ್ತೇವೆ. ಎಲಚಿ, ಕಬ್ಬಿನ ತುಂಡು, ಚಿಲ್ಲರೆ ಕಾಸು ಎಲ್ಲ ಸೇರಿಸಿ ತಲೆಯ ಮೇಲಿಂದ ಸುರಿದು ಆರತಿ ಎತ್ತುವುದು. ಸುತ್ತಲಿನ ಮಕ್ಕಳು ಆರಿಸಿಕೊಳ್ಳಲು ಮುಗಿಬೀಳುತ್ತಾರೆ. ಕಾಸು, ಎಲಚಿ ಬೀಜ ಒಂದೂ ನೆಲದ ಮೇಲೆ ಉಳಿಯದಂತೆ ಆಗಲೇ ಗುಡಿಸಿಬಿಡಿ.

ಹಬ್ಬದ ದಿನ ಸಿಗದವರ ಮನೆಗೆ ರಥಸಪ್ತಮಿಯವರೆಗೂ ಎಳ್ಳು ಕೊಡಬಹುದು, ಹಾಗಾಗಿ ಅವಸರ ಬೇಡ. ಆದರೆ ಡಬ್ಬವನ್ನು ಮೇಲಿನ ಶೆಲ್ಫಿನಲ್ಲಿಡಿ. ನಮ್ಮಲ್ಲಿ ಕೊಬ್ಬರಿ, ಬೆಲ್ಲ, ಪೆಪ್ಪರ್‌ಮೆಂಟ್ ಆರಿಸಿ ತಿಂದು ತಳದಲ್ಲಿ ಬರೀ ಹುರಿಗಡಲೆ ಬಿಟ್ಟಿರುತ್ತಾರೆ. ಅದು ಇಡ್ಲಿ ಚಟ್ನಿಗೆ ಹೋಗುತ್ತದೆ. ನಾಲ್ಕು ಎಳ್ಳು ಅಂಟಿದ್ದರೆ ರುಚಿ ಇನ್ನೂ ಚೆನ್ನ.